ಓದೋದು ಕಷ್ಟ ಅಂತ ಪಾಠವನ್ನೇ ಕಡಿಮೆ ಮಾಡಬೇಕಾ?

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಓದಲು ಬರೆಯಲು ವಿಪರೀತ ಒದ್ದಾಡುವ ಒಬ್ಬಿಬ್ಬರು ಮಕ್ಕಳು ಹೆಚ್ಚುಕಡಿಮೆ ಪ್ರತಿ ತರಗತಿಯಲ್ಲೂ ಇರುತ್ತಾರೆ. ಮಾತು ಚುರುಕು. ಕಣ್ಣು, ಕಿವಿ ಸರಿಯಾಗಿವೆ. ಹೇಳಿದ್ದು ತಟ್ಟನೆ ತಿಳಿಯುತ್ತದೆ. ಪುಸ್ತಕ ತೆರೆದರೆ ಮಾತ್ರ ಮುಖ ಸಣ್ಣದಾಗುತ್ತದೆ. ಇಂಥ ಮಕ್ಕಳ ಮಾತು ಬಂದಾಗ ನಮ್ಮ ಕಡೆಯ ಶಾಲೆಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಒಂದಿದೆ: "ಪಾಪ, ಅವಂಗ ಇಷ್ಟೆಲ್ಲಾ ಯಾಕ್ರಿ? ಹೆಂಗಾರ ಪಾಸ್ ಆದ್ರ ಸಾಕು."

ಕೇಡು ಬಯಸಿ ಯಾರೂ ಹೀಗೆ ಅನ್ನುವುದಿಲ್ಲ. ಕನಿಕರದಿಂದಲೇ ಅನ್ನುತ್ತಾರೆ. ಆದರೆ ಆ ಕನಿಕರ ಮುಂದೆ ಏನಾಗುತ್ತದೆ ನೋಡಿ. ಬೇರೆ ಮಕ್ಕಳಿಗೆ ಹತ್ತು ಪ್ರಶ್ನೆ, ಇವನಿಗೆ ಎರಡು. ಅವರು ನಕ್ಷೆ ಬರೆದು ಕಾರಣ ವಿವರಿಸುತ್ತಾರೆ, ಇವನು ಬಿಟ್ಟ ಸ್ಥಳ ತುಂಬುತ್ತಾನೆ. ಮುಂದಿನ ವರ್ಷ ಬಿಟ್ಟ ಸ್ಥಳವನ್ನೂ ಬೋರ್ಡಿನಿಂದ ನೋಡಿ ಬರೆದುಕೊಂಡರೆ ಸಾಕು ಎಂದಾಗುತ್ತದೆ. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಮಗುವಿಗೆ ಓದಲು ಬರುವುದಿಲ್ಲ ಅನ್ನುವುದು ಒಂದು ಸಮಸ್ಯೆಯಾದರೆ, ಪಾಠವೂ ಗೊತ್ತಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಸಮಸ್ಯೆ ಆಗಿರುತ್ತದೆ. ಮೊದಲನೆಯದು ಅವನ ಮೆದುಳು ಅಕ್ಷರಗಳನ್ನು ಹಿಡಿಯುವ ರೀತಿಯಿಂದ ಬಂದದ್ದು. ಎರಡನೆಯದನ್ನು ನಾವೇ ಮಾಡಿದ್ದು.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಲಿಕಾ ನ್ಯೂನತೆ ಇರುವ ಮಗುವಿಗೆ ಕಲಿಸುವ ದಾರಿ ಬೇರೆ ಇರಲಿ, ಉತ್ತರ ಹೇಳುವ ದಾರಿ ಬೇರೆ ಇರಲಿ, ಸಮಯ ಜಾಸ್ತಿ ಕೊಡೋಣ. ಕಲಿಯಬೇಕಾದ ವಿಷಯದ ಮಟ್ಟವನ್ನು ಮಾತ್ರ ಇಳಿಸಬಾರದು.

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು. ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ. 2016ರ ಹೊಸ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿತು, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಓದಿನ ತೊಡಕಾದ ಡಿಸ್ಲೆಕ್ಸಿಯಾ, ಬರವಣಿಗೆಯ ತೊಡಕಾದ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಾದ ಡಿಸ್ಕ್ಯಾಲ್ಕುಲಿಯಾ ಎಲ್ಲವೂ ಇದರಡಿ ಬರುತ್ತವೆ. ಬುದ್ಧಿಮಾಂದ್ಯತೆಯನ್ನು ಆ 21ರಲ್ಲಿ ಬೇರೆಯಾಗಿಯೇ ಎಣಿಸಿದ್ದಾರೆ. ಇದು ನಮ್ಮ ಎಷ್ಟೋ ಜನ ಶಿಕ್ಷಕರಿಗೆ ಇವತ್ತಿಗೂ ಸ್ಪಷ್ಟವಾಗಿಲ್ಲ. ಹಾಗಾಗಿಯೇ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಗುವಿಗೆ ಮಾಡುವ ಪಾಠದ ಕಡಿತವನ್ನು ಡಿಸ್ಲೆಕ್ಸಿಯಾ ಇರುವ ಮಗುವಿಗೂ ಮಾಡಿಬಿಡುತ್ತಾರೆ. ಇನ್ನು ಮನೆಯವರು ಈ ಹೆಸರು ಕೇಳಿದ ಕೂಡಲೇ ಗಾಬರಿಯಾಗುತ್ತಾರೆ. "ನಮ್ಮ ಹುಡುಗ ಹುಚ್ಚ ಅಲ್ರಿ ಸರ್" ಅಂತ ಒಬ್ಬ ತಾಯಿ ನನ್ನ ಮುಂದೆ ಅತ್ತಿದ್ದಾರೆ.

ಒಂದು ಉದಾಹರಣೆ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಭಾಗದಲ್ಲಿ ಬೇರೆ ಮಾತೇ ಇರಲಿಲ್ಲ. ಎಡದಂಡೆ ನಾಲೆಯ ನೀರನ್ನೇ ನಂಬಿ ಭತ್ತ ಹಚ್ಚುವ ಊರುಗಳು ಇವು. ಆಗ ಎಂಟನೇ ತರಗತಿಯಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು ಇಡೀ ಕ್ಲಾಸಿಗೆ ಅದನ್ನು ವಿವರಿಸಿದ. ಡ್ಯಾಮಿಗೆ ಒಟ್ಟು 33 ಗೇಟ್. ಒಂದು ಹೋದ ಮೇಲೆ ಉಳಿದ ಗೇಟುಗಳನ್ನೂ ಯಾಕೆ ಎತ್ತಿದರು? "ಅದೊಂದರಾಗೇ ನೀರು ನುಗ್ಗಬಾರದು ಅಂತರಿ ಸರ್. ನೀರಿನ ಮಟ್ಟ ಇಳಿದ್ರ ಕೆಲಸ ಮಾಡಾಕ ಬರ್ತದ." ಸ್ಟಾಪ್‌ಲಾಗ್ ಅಂದರೇನು? "ಒಂದೇ ದೊಡ್ಡ ಗೇಟ್ ಅಲ್ರಿ. ತುಂಡು ತುಂಡು ಮಾಡಿ ಒಂದರ ಮ್ಯಾಲೊಂದು ಇಳಸೋದು." ನೀರು ಹರಿದುಹೋದರೆ ಎರಡನೇ ಬೆಳೆಗೆ ಏನಾಗುತ್ತದೆ, ಕೊನೆ ಭಾಗದ ರೈತರಿಗೆ ಮೊದಲು ಯಾಕೆ ಪೆಟ್ಟು ಬೀಳುತ್ತದೆ, ಎಲ್ಲವನ್ನೂ ಹೇಳಿದ. ಕಾರಣ, ಪರಿಣಾಮ, ಪರಿಹಾರ ಮೂರೂ ಆ ಉತ್ತರದಲ್ಲಿದ್ದವು. ದೊಡ್ಡವರಲ್ಲೂ ಅಷ್ಟು ಚೊಕ್ಕಟವಾಗಿ ಹೇಳುವವರು ಕಡಿಮೆ.

ಮುಂದಿನ ಪರೀಕ್ಷೆಯಲ್ಲಿ ಅಣೆಕಟ್ಟುಗಳ ಉಪಯೋಗ ಬರೆಯಿರಿ ಅನ್ನುವ ಪ್ರಶ್ನೆ ಇತ್ತು. ಅವನ ಉತ್ತರ ಪತ್ರಿಕೆಯಲ್ಲಿ ಇದ್ದದ್ದು ಎರಡು ಸಾಲು. "ತುಗಬದರ ಅಣೆಕಟು ನಿರು ಕೊಡತದೆ." ಎರಡನೇ ಸಾಲು ಹೊಡೆದು ಹಾಕಿ, ಮತ್ತೆ ಬರೆದು, ಮತ್ತೆ ಹೊಡೆದು ಹಾಕಿದ್ದ. ಪೆನ್ನು ಒತ್ತಿದ ರಭಸಕ್ಕೆ ಕಾಗದದ ಹಿಂಬದಿಯವರೆಗೂ ಗುರುತು ಮೂಡಿತ್ತು. ಆ ಹಾಳೆ ಹಿಡಿದು ನೋಡುವವರಿಗೆ ಈ ಹುಡುಗನಿಗೆ ಏನೂ ಗೊತ್ತಿಲ್ಲ ಎಂದೇ ಅನ್ನಿಸುತ್ತದೆ. ಆ ಹಾಳೆ ಅಳೆದದ್ದು ಅವನ ಕೈಬರಹವನ್ನು. ಸಮಾಜ ವಿಜ್ಞಾನವನ್ನು ಅದು ಅಳೆಯಲೇ ಇಲ್ಲ.

ಹಾಗಾದರೆ ಇವನಿಗೆ ಸುಲಭದ ಪ್ರಶ್ನೆ ಕೊಡಬೇಕಾ? ಖಂಡಿತ ಬೇಡ. ಅವನಿಗೆ ಇನ್ನೂ ಕಷ್ಟದ ಪ್ರಶ್ನೆ ಕೊಡಬಹುದು, ಕೊಡಬೇಕು. ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಬಾಯಿಂದ ಕೇಳಿ, ಅಷ್ಟೇ. ಎಫ್‌ಎಗಳಲ್ಲಿ, ಅಂದರೆ ವರ್ಷದ ನಡುವೆ ಶಾಲೆಯಲ್ಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ, ಇದಕ್ಕೆ ಯಾರ ಅಪ್ಪಣೆಯೂ ಬೇಡ. ರೂಪಣಾತ್ಮಕ ಮೌಲ್ಯಮಾಪನ ಅಂತ ಮಾಡಿರುವುದೇ ಬೇರೆ ಬೇರೆ ರೀತಿಯಲ್ಲಿ ಮಗುವನ್ನು ನೋಡಲಿ ಅಂತ. ಮಾತಿನಲ್ಲಿ ಉತ್ತರ ಕೇಳಿ, ಮುಖ್ಯ ಅಂಶಗಳನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡರೆ ದಾಖಲೆಗೂ ಸರಿಹೋಗುತ್ತದೆ. ಅಂಕ ಕೊಡುವ ಅಳತೆ ಮಾತ್ರ ಎಲ್ಲರಿಗೂ ಒಂದೇ. ನಾಲ್ಕು ಕಾರಣ ಕೇಳಿದ್ದರೆ ಇವನೂ ನಾಲ್ಕು ಹೇಳಬೇಕು. ಎರಡು ಹೇಳಿ ನಿಂತರೆ ಎರಡಕ್ಕೇ ಅಂಕ. ಇದರಲ್ಲಿ ಕಠಿಣತೆ ಏನೂ ಇಲ್ಲ. ನಿನ್ನಿಂದ ಆಗುತ್ತದೆ ಅಂತ ನಾನು ನಂಬಿದ್ದೇನೆ ಅನ್ನುವುದು ಅವನಿಗೆ ತಿಳಿಯುವುದೇ ಹೀಗೆ.

ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮ ಕಡೆ ಓದಲು ಬಾರದ ಮಕ್ಕಳೆಲ್ಲ ಡಿಸ್ಲೆಕ್ಸಿಯಾ ಮಕ್ಕಳಲ್ಲ. ಮನೆಯವರ ಜೊತೆ ಗುಳೆ ಹೋಗಿ ವರ್ಷದಲ್ಲಿ ನಾಲ್ಕು ತಿಂಗಳು ಶಾಲೆಯನ್ನೇ ನೋಡದ ಮಕ್ಕಳಿದ್ದಾರೆ. ಹತ್ತಿ ಬಿಡಿಸುವ ಕಾಲದಲ್ಲಿ ಹಾಜರಿ ಅರ್ಧಕ್ಕಿಳಿಯುವ ಹಳ್ಳಿಗಳು ರಾಯಚೂರು ಕಡೆ ಇವೆ. ತಾಂಡಾದಲ್ಲಿ ಲಂಬಾಣಿ, ಗಂಗಾವತಿ, ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಿ ತೆಲುಗು, ಇನ್ನು ಕೆಲವು ಮನೆಗಳಲ್ಲಿ ಉರ್ದು. ಮನೆಯಲ್ಲಿ ಕನ್ನಡವೇ ಕೇಳದ ಮಗು ಒಂದನೇ ತರಗತಿಯಲ್ಲಿ ಕನ್ನಡ ಅಕ್ಷರದ ಜೊತೆ ಕನ್ನಡವನ್ನೂ ಕಲಿಯಬೇಕು. ಇವರಿಗೆ ಬೇಕಿರುವುದು ತಪ್ಪಿಹೋದ ಪಾಠ ಮತ್ತು ಒಂದಿಷ್ಟು ಸಮಯ. ಅದನ್ನು ಕೊಟ್ಟರೆ ಬೇಗ ಮೇಲೆ ಬರುತ್ತಾರೆ. ಚೆನ್ನಾಗಿ, ಕ್ರಮವಾಗಿ ಕಲಿಸಿದ ಮೇಲೂ ಒಂದು ಮಗು ಅಲ್ಲೇ ನಿಂತಿದ್ದರೆ ಆಗ ಅನುಮಾನ ಪಡಬೇಕು. ಮೊದಲು ಕಲಿಸು, ಆಮೇಲೆ ಹೆಸರಿಡು. ಅಮೆರಿಕದಲ್ಲಿ 2004ರಲ್ಲಿ ಕಾನೂನು ತಿದ್ದಿದಾಗ ಇದಕ್ಕೂ ದಾರಿ ಮಾಡಿಕೊಟ್ಟರು. ಬುದ್ಧಿಮಟ್ಟ ಮತ್ತು ಅಂಕಗಳ ನಡುವಿನ ಅಂತರವನ್ನೇ ನೋಡಬೇಕಿಲ್ಲ, ಒಳ್ಳೆಯ ಬೋಧನೆಗೆ ಮಗು ಹೇಗೆ ಸ್ಪಂದಿಸುತ್ತದೆ ಅನ್ನುವುದನ್ನೂ ನೋಡಬಹುದು ಅಂದರು.

ಅಮೆರಿಕದ ಮಾತು ಬಂದದ್ದರಿಂದ ಹೇಳುತ್ತೇನೆ. ಅಲ್ಲಿ ಈ ಮಟ್ಟದ ಪ್ರಶ್ನೆಯ ಮೇಲೆ ದೊಡ್ಡ ಜಗ್ಗಾಟವೇ ನಡೆದಿದೆ. 1975ರ ಕಾನೂನಿನಿಂದ ಅಲ್ಲಿ ವಿಶೇಷ ಶಿಕ್ಷಣ ಬೇಕಾದ ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ, ಬರೆಯಲೇಬೇಕು. ಆದರೆ ಆ ಯೋಜನೆ ಎಷ್ಟು ಎತ್ತರದ ಗುರಿ ಇಡಬೇಕು? 1982ರಲ್ಲಿ ಕಿವಿ ಕೇಳದ ಒಬ್ಬ ಹುಡುಗಿಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮಗುವಿಗೆ ಶಿಕ್ಷಣದಿಂದ ಪ್ರಯೋಜನ ಸಿಗುವಂತಿರಬೇಕು ಎಂದಿತ್ತು. ಅದನ್ನೇ ಹಿಡಿದು ಕೆಲವು ಕೆಳ ಕೋರ್ಟುಗಳು ಏನೋ ಚೂರುಪಾರು ಪ್ರಗತಿ ಕಂಡರೆ ಸಾಕು ಅನ್ನುವ ಮಟ್ಟಕ್ಕೆ ಇಳಿದವು. 2017ರಲ್ಲಿ ಆಟಿಸಂ ಇದ್ದ ಎಂಡ್ರೂ ಎಂಬ ಹುಡುಗನ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಳ್ಳಿಹಾಕಿತು. ವರ್ಷದಿಂದ ವರ್ಷಕ್ಕೆ ನಾಮಕಾವಾಸ್ತೆ ಪ್ರಗತಿ ತೋರಿಸುವ ಶಿಕ್ಷಣ ಶಿಕ್ಷಣವೇ ಅಲ್ಲ, ಮಗುವಿನ ಪರಿಸ್ಥಿತಿ ನೋಡಿಕೊಂಡು ತಕ್ಕಷ್ಟು ಎತ್ತರದ ಗುರಿಯನ್ನೇ ಇಡಬೇಕು ಎಂದಿತು.

ಅದಕ್ಕೂ ಎರಡು ವರ್ಷ ಮೊದಲು, 2015ರಲ್ಲಿ, ಅಲ್ಲಿ ಬಂದ ಶಿಕ್ಷಣ ಕಾಯ್ದೆಯಲ್ಲಿ ಇನ್ನೊಂದು ಗಟ್ಟಿ ನಿಯಮ ಇದೆ. ಬೇರೆಯೇ ಮಟ್ಟದ, ಸರಳ ಮಾಡಿದ ಪರೀಕ್ಷೆಯನ್ನು ತೀವ್ರ ಬೌದ್ಧಿಕ ವೈಕಲ್ಯ ಇರುವ ಮಕ್ಕಳಿಗೆ ಮಾತ್ರ ಕೊಡಬಹುದು. ಅಂಥವರ ಸಂಖ್ಯೆ ಒಂದು ರಾಜ್ಯದಲ್ಲಿ ಪರೀಕ್ಷೆ ಬರೆಯುವ ಒಟ್ಟು ಮಕ್ಕಳಲ್ಲಿ 1% ದಾಟಬಾರದು. ಅಂದರೆ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಅದೇ ತರಗತಿಯ ಅದೇ ಮಟ್ಟ. ಸಮಯ ಜಾಸ್ತಿ ಕೊಡಿ, ಓದಿ ಹೇಳಿ, ಕಂಪ್ಯೂಟರ್ ಕೊಡಿ, ಮಟ್ಟ ಮಾತ್ರ ಅದೇ. ಅಲ್ಲಿ ಎಲ್ಲಾ ಶಾಲೆಗಳೂ ಇದನ್ನು ಪಾಲಿಸುತ್ತಿವೆ ಅಂತ ನಾನು ಹೇಳುತ್ತಿಲ್ಲ. ಆದರೆ ಮಟ್ಟ ಇಳಿಸುವುದಕ್ಕೆ ಒಂದು ಗೆರೆ ಎಳೆದಿದ್ದಾರೆ. ನಮ್ಮಲ್ಲಿ ಆ ಗೆರೆ ಒಬ್ಬೊಬ್ಬ ಶಿಕ್ಷಕರ ಮನಸ್ಸಿನಲ್ಲಿ ಒಂದೊಂದು ಕಡೆ ಇದೆ.

ಹಾಗಂತ ನಮ್ಮ ಕಾಯ್ದೆ ಏನೂ ಕಡಿಮೆಯದ್ದಲ್ಲ. 2016ರ ಕಾಯ್ದೆಯ 16ನೇ ಸೆಕ್ಷನ್ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಅನ್ನುತ್ತದೆ. 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಮಗು ಹೇಳಿದ ಉತ್ತರವನ್ನು ಬರೆದುಕೊಡುವ ಸ್ಕ್ರೈಬ್ ಮತ್ತು ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿಯ ಬಗ್ಗೆ ಹೇಳುತ್ತದೆ. ನಮ್ಮ ಜನಕ್ಕೆ 17ನೇ ಸೆಕ್ಷನ್ ಬೇಗ ಗೊತ್ತಾಗುತ್ತದೆ, ಯಾಕೆಂದರೆ ಅದು ಪರೀಕ್ಷೆಯ ವಿಷಯ. 16ನೆಯದನ್ನು ಕೇಳುವವರೇ ಇಲ್ಲ. ಆದರೆ ಮಗುವಿನ ಬದುಕಿಗೆ ಬೇಕಾದ್ದು ಅದೇ: ಬೇಗ ಗುರುತಿಸಿ, ಓದಲು ಕಲಿಸಿ.

ಹೌದು, ಓದಲು ಕಲಿಸಬೇಕು. ಪ್ರಶ್ನೆ ಓದಿ ಹೇಳುವುದು, ಬಾಯಿಂದ ಉತ್ತರ ಕೇಳುವುದು ಒಂದು ಕಡೆ ನಡೆಯಲಿ. ಅದನ್ನೇ ನೆಪ ಮಾಡಿಕೊಂಡು ಓದು ಕಲಿಸುವುದನ್ನು ಬಿಟ್ಟರೆ ಅದೂ ಮಟ್ಟ ಇಳಿಸಿದ ಹಾಗೆಯೇ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಓದು ಬರುತ್ತದೆ. ನಿಧಾನವಾಗಿ ಬರುತ್ತದೆ, ಬಿಡಿಸಿ ಬಿಡಿಸಿ ಕಲಿಸಿದರೆ ಬರುತ್ತದೆ.

ಕನ್ನಡದ ಓದಿನ ತೊಡಕೇ ಬೇರೆ. ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಅನ್ನುವ ಗೋಳು ನಮಗಿಲ್ಲ. ಆದರೆ ನಮ್ಮಲ್ಲಿ ಚಿಹ್ನೆಗಳ ರಾಶಿ ದೊಡ್ಡದು. ವರ್ಣಮಾಲೆ ಮುಗಿದರೆ ಕಾಗುಣಿತ, ಕಾಗುಣಿತ ಮುಗಿದರೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರುವುದು ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ, ನಾಲ್ಕನೇ ತರಗತಿಯವರೆಗೂ ಅದು ನಡೆದೇ ಇರುತ್ತದೆ. ಎಲ್ಲ ಮಕ್ಕಳಿಗೂ ಇಷ್ಟು ಸಮಯ ಬೇಕು ಅಂದಮೇಲೆ ತೊಡಕಿರುವ ಮಗುವಿಗೆ ಎಷ್ಟು ಬೇಕಾದೀತು, ಯೋಚನೆ ಮಾಡಿ.

"ರಸ್ತೆ" ಅನ್ನುವ ಪದ ನೋಡಿ. ಸ ಮೇಲೆ, ತ ಕೆಳಗೆ ಒತ್ತಾಗಿ. ಎತ್ವ ಹಚ್ಚುವುದು ಮೇಲಿನ ಸ ಅಕ್ಷರಕ್ಕೆ. ಆದರೆ ಆ ಎ ಸ್ವರ ಬಾಯಲ್ಲಿ ಬರುವುದು ತ ಆದ ಮೇಲೆ. ಡ್ಯಾಮಿನ ವಿಷಯ ವಿವರಿಸಿದ ಆ ಹುಡುಗ ಅದನ್ನು "ರಸೆತ" ಅಂತ ಓದುತ್ತಿದ್ದ. ಸುಮ್ನೆ ಏನೋ ಒದರುತ್ತಿದ್ದಾನೆ ಅನ್ನಿಸಬಹುದು. ಅಲ್ಲ, ಅವನು ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲೇ ಓದುತ್ತಿದ್ದ. ಅರ್ಕಾವತ್ತು ಇನ್ನೂ ಕಷ್ಟ. "ಸೂರ್ಯ" ಪದದಲ್ಲಿ ರ ಮೊದಲು ಕೇಳಿಸುತ್ತದೆ, ಬರವಣಿಗೆಯಲ್ಲಿ ಅದರ ಗುರುತು ಯ ಆದ ಮೇಲೆ ಬರುತ್ತದೆ. ಅವನ ಓದಿನಲ್ಲಿ ಅದು "ಸೂಯರ". ಉಳಿದ ಮಕ್ಕಳು ಇದನ್ನು ಯಾರೂ ಹೇಳಿಕೊಡದೆಯೇ ಹಿಡಿದುಬಿಡುತ್ತಾರೆ. ಇವನಿಗೆ ಕೂರಿಸಿಕೊಂಡು ಹೇಳಿಕೊಡಬೇಕು. ಮೊದಲು "ಅಕ್ಕ", "ಅಪ್ಪ", "ಹತ್ತು" ಅನ್ನುವಂಥ ಪದಗಳ ಸಜಾತೀಯ ಒತ್ತಕ್ಷರ. ಅದು ಗಟ್ಟಿಯಾದ ಮೇಲೆ ಸ್ವರಚಿಹ್ನೆ ಇಲ್ಲದ ವಿಜಾತೀಯ. ಆಮೇಲೆ ಸ್ವರಚಿಹ್ನೆ ಇರುವವು. ಕೊನೆಗೆ ಅರ್ಕಾವತ್ತು. ಪ್ರತಿಯೊಂದನ್ನೂ ಬಾಯಲ್ಲಿ ಒಡೆದು ಹೇಳುತ್ತಾ, ಬೆರಳಲ್ಲಿ ತಿದ್ದುತ್ತಾ, ಕಿವಿಯಿಂದ ಕೇಳುತ್ತಾ ಕಲಿಯಬೇಕು. ನಮ್ಮ ಬ್ಲಾಕಿಗೆ ಬರುವ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ) ಮೇಡಂ ಈ ಕ್ರಮವನ್ನು ನನಗೆ ಹಾಕಿಕೊಟ್ಟರು. ಅವರಿಗೆ ಎಷ್ಟೋ ಶಾಲೆಗಳ ಹೊಣೆ ಇರುತ್ತದೆ, ಬಂದಾಗ ಬಂದರು. ದಿನಾ ಕೂರಿಸಿಕೊಳ್ಳುವ ಕೆಲಸ ಶಾಲೆಯ ಶಿಕ್ಷಕರದ್ದೇ.

ನಮ್ಮಲ್ಲೂ ಇಂಥ ಮಕ್ಕಳಿಗೆ ಐಇಪಿ ಬರೆಯುತ್ತೇವೆ, ಅದರ ಗುರಿಯ ಬಗ್ಗೆಯೂ ಒಂದು ಮಾತು. "ಓದುವ ಕೌಶಲ ಸುಧಾರಿಸುವುದು" ಅಂತ ಬರೆದ ಎಷ್ಟೋ ಹಾಳೆಗಳನ್ನು ನೋಡಿದ್ದೇನೆ. ಮುಂದಿನ ವರ್ಷವೂ ಅದೇ ಸಾಲು, ಅದರ ಮುಂದಿನ ವರ್ಷವೂ ಅದೇ. ಸುಧಾರಿಸಿತಾ ಇಲ್ಲವಾ ಅಂತ ಅದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದರ ಬದಲು, ದಸರಾ ರಜೆಯೊಳಗೆ ಸಜಾತೀಯ ಒತ್ತಕ್ಷರ ಇರುವ 10 ಹೊಸ ಪದ ಕೊಟ್ಟರೆ 8ನ್ನು ತಪ್ಪಿಲ್ಲದೆ ಓದಬೇಕು ಅಂತ ಬರೆದು ನೋಡಿ. ಆಗ ಆಗದಿದ್ದರೆ ಕಲಿಸುವ ಕ್ರಮ ಬದಲಿಸಬೇಕು ಅನ್ನುವುದು ನಮಗೇ ತಿಳಿಯುತ್ತದೆ. ಗುರಿ ಅಸ್ಪಷ್ಟ ಇದ್ದಷ್ಟೂ ಅದು ಶಿಕ್ಷಕರಿಗೆ ಅನುಕೂಲ, ಮಗುವಿಗೆ ನಷ್ಟ.

ಭಾಷೆಯ ವಿನಾಯಿತಿ ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯ ಇದೆ. ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಇಂಗ್ಲಿಷ್, ಹಿಂದಿ ಎರಡೂ ತೆಗೆಸಿಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ಕೆಲವು ಮಕ್ಕಳಿಗೆ ಅದು ನಿಜಕ್ಕೂ ಬೇಕು. ಮೂರು ಲಿಪಿಗಳ ಭಾರ ಅವರಿಂದ ಹೊರಲು ಆಗುವುದಿಲ್ಲ. ಕಾನೂನು ಅವರಿಗಾಗಿಯೇ ಇದೆ, ಅದನ್ನು ಬಳಸಿಕೊಳ್ಳುವುದರಲ್ಲಿ ಯಾವ ನಾಚಿಕೆಯೂ ಬೇಡ. ಆದರೆ ಇಂಗ್ಲಿಷ್ ಬಿಟ್ಟ ಮಗುವಿಗೆ ಮುಂದೆ ಪಿಯು ಸೈನ್ಸ್ ಎಷ್ಟು ಕಷ್ಟವಾಗುತ್ತದೆ, ಐಟಿಐ, ಡಿಪ್ಲೊಮಾದಲ್ಲಿ ಮ್ಯಾನುಯಲ್ ಓದುವಾಗ ಏನಾಗುತ್ತದೆ ಅಂತ ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು. ವಿನಾಯಿತಿ ಮಗುವಿನ ಹಕ್ಕು. ಅದನ್ನು ಬಳಸುವುದೋ ಬಿಡುವುದೋ ಅನ್ನುವುದನ್ನು ಮಗು ಮತ್ತು ಮನೆಯವರು ಕೂತು ತೀರ್ಮಾನ ಮಾಡಬೇಕು. ಶಾಲೆಯ ರಿಸಲ್ಟ್ ಏರಿಸಲು ಅದನ್ನು ಬಳಸಿದರೆ ಅದು ಅನ್ಯಾಯ.

ರಿಸಲ್ಟ್ ಅಂದ ಕೂಡಲೇ 2024ರ ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದು ಫಲಿತಾಂಶ ಕುಸಿದಾಗ ಆ ಒಂದು ವರ್ಷಕ್ಕೆ ಗ್ರೇಸ್ ಅಂಕಗಳನ್ನು 10%ನಿಂದ 20%ಗೆ ಏರಿಸಿದರು. ಹಾಗೆ ಮಾಡಿದ ಮೇಲೂ ರಾಜ್ಯದ ಫಲಿತಾಂಶ 73.40% ಬಂತು. ಗ್ರೇಸ್ ಅಂಕದಿಂದ ಡಿಸ್ಲೆಕ್ಸಿಯಾ ಮಗು ಪಾಸ್ ಆಗಬಹುದು. ಆದರೆ ಅವನಿಗೆ ಗೊತ್ತಿದ್ದ ಉತ್ತರ ಬರೆಯಲು ಸಮಯ ಸಾಲದೆ ಹೋದ ಅನ್ಯಾಯ ಅದರಿಂದ ಸರಿಹೋಗುವುದಿಲ್ಲ. ಅವನು ಕೇಳುತ್ತಿರುವುದು ದಾನದ ಅಂಕವನ್ನಲ್ಲ, ತನ್ನ ಅಂಕವನ್ನು ತಾನೇ ಗಳಿಸುವ ಅವಕಾಶವನ್ನು.

ಆ ಅವಕಾಶಕ್ಕೆ ಸರ್ಟಿಫಿಕೇಟ್ ಬೇಕು. ಅಲ್ಲಿಂದ ನಮ್ಮ ಜಿಲ್ಲೆಗಳ ಕಷ್ಟ ಶುರು. 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮಗುವಿಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು ಬಳಸಿ ತಪಾಸಣೆ ಮಾಡಬೇಕಿತ್ತು. 14ಕ್ಕೆ, 18ಕ್ಕೆ ಮತ್ತೆ ಮಾಡಬೇಕಿತ್ತು. ಅದೇ ವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಇನ್ನೊಂದು ಮಾರ್ಗಸೂಚಿ, 40% ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂದಿತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಬರೆಯುವಾಗ ಒದ್ದಾಡುವ ಮಗುವಿಗೆ ಆ ಒಂದು ಗಂಟೆಯ ಬೆಲೆ ಎಷ್ಟು ಅಂತ ಉಳಿದವರಿಗೆ ತಿಳಿಯುವುದು ಕಷ್ಟ. ಆದರೆ ಕೂಲಿ ಬಿಟ್ಟು, ಬಸ್ ಹತ್ತಿ, ಒಂದು ದಿನ ಡಾಕ್ಟರ್ ಇಲ್ಲ, ಇನ್ನೊಂದು ದಿನ ಸೈಕಾಲಜಿಸ್ಟ್ ಇಲ್ಲ ಅನ್ನಿಸಿಕೊಂಡು ವಾಪಸ್ ಬರುವ ತಾಯಿ ಮೂರನೇ ಸಲ ಹೋಗುತ್ತಾಳಾ? ಹಾಗಾಗಿ ಹತ್ತನೇ ತರಗತಿಯ ಜನವರಿಯಲ್ಲಿ ಎಚ್ಚರಾಗುವುದು ಬೇಡ. ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪ್ ಇದೆ, ತರಗತಿ ಶಿಕ್ಷಕರೇ ಅದರಲ್ಲಿ ಮೊದಲ ಹಂತದ ಗುರುತಿಸುವಿಕೆ ಮಾಡಬಹುದು. ಅದು ಸರ್ಟಿಫಿಕೇಟ್ ಅಲ್ಲ, ಆದರೆ ಮುಂದಿನ ಹೆಜ್ಜೆಗೆ ಆಧಾರ. ಮೂರನೇ, ನಾಲ್ಕನೇ ತರಗತಿಯಲ್ಲೇ ಮಾಡಿದರೆ ಕಲಿಸಲು ಸಾಕಷ್ಟು ವರ್ಷ ಸಿಗುತ್ತವೆ.

ಸ್ಕ್ರೈಬ್ ಸಿಕ್ಕರೆ ಎಲ್ಲ ಮುಗಿಯಿತು ಅಂದುಕೊಳ್ಳುವುದೂ ತಪ್ಪು. ಉತ್ತರ ಹೇಳಿ ಬರೆಸುವುದು ಒಂದು ವಿದ್ಯೆ. ಮಾತಾಡುವಾಗ ಹರಿದು ಬರುವ ಹುಡುಗ ಒಬ್ಬರು ಪೆನ್ನು ಹಿಡಿದು ಎದುರಿಗೆ ಕೂತರೆ ತಡವರಿಸುತ್ತಾನೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹೊಸ ಸಾಲು, ಬರೆದದ್ದನ್ನು ಮತ್ತೆ ಓದಿಸಿಕೊಂಡು ಎಲ್ಲಿ ತಿದ್ದಿಸಬೇಕು, ಇವನ್ನೆಲ್ಲ ಎಂಟನೇ, ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಲ್ಲೇ ರೂಢಿ ಮಾಡಿಸಬೇಕು.

ಆ ಹುಡುಗ ಈಗ ಒಂಬತ್ತನೇ ತರಗತಿ. ತಪಾಸಣೆ ಆಗಿದೆ, ಸರ್ಟಿಫಿಕೇಟ್ ಬಂದಿದೆ. ಅವರಪ್ಪ ಶಾಲೆಗೆ ಬಂದು ಕೂತಾಗ ಇಂಗ್ಲಿಷ್ ಬಿಡುವುದು ಬೇಡ ಅಂತ ಹುಡುಗನೇ ಹೇಳಿದ. ಟ್ರ್ಯಾಕ್ಟರ್ ರಿಪೇರಿ, ಇಂಜಿನ್ ಅವನಿಗೆ ಇಷ್ಟ, ಡಿಪ್ಲೊಮಾ ಮಾಡುವ ಆಸೆ ಇದೆ. ಹಿಂದಿಯ ಬಗ್ಗೆ ಅರ್ಧವಾರ್ಷಿಕ ಪರೀಕ್ಷೆ ನೋಡಿ ನಿರ್ಧಾರ ಮಾಡೋಣ ಎಂದಾಯಿತು. ಸಮಾಜ ವಿಜ್ಞಾನದಲ್ಲಿ ಅವನಿಗೂ ಉಳಿದವರ ಪ್ರಶ್ನೆಪತ್ರಿಕೆಯೇ, ಸಮಯ ಜಾಸ್ತಿ, ಅಷ್ಟೇ ಅಂದೆ. "ಎಲ್ಲಾ ಪ್ರಶ್ನೆನೂ ಬರೀಬೇಕೇನ್ರಿ ಸರ್?" ಅಂದ. ಎಲ್ಲಾನೂ ಬರೀಬೇಕು ಅಂದೆ. ಒಂಬತ್ತನೇ ತರಗತಿಯ ಒಬ್ಬ ಸಹಪಾಠಿ ಈಗ ಸಂಜೆ ಅವನ ಜೊತೆ ಕೂತು, ಅವನು ಹೇಳಿದ್ದನ್ನು ಬರೆದುಕೊಡುವ ಅಭ್ಯಾಸ ಮಾಡಿಸುತ್ತಿದ್ದಾನೆ.